ಈ ಪ್ಲೇಟು ನನ್ನ ಗ್ರಾಮಫೋನಿಗೆ ಆಗುತ್ತಾ?

ಕಳೆದ ಸಂಚಿಕೆಯಲ್ಲಿ ಗ್ರಾಮಫೋನಿನ ಸ್ಪ್ರಿಂಗ್ ಬಿಚ್ಚಿ ಗ್ರೀಸ್ ಹಾಕುವ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸ್ಪ್ರಿಂಗ್ ಬಗ್ಗೆ ಇರಲೇ ಇಲ್ಲ. "ಯಂತ್ರ ಸರಿಹೋಯಿತು, ಹಾಕುವುದಕ್ಕೆ ಪ್ಲೇಟು ಎಲ್ಲಿ?" ಎಂದೇ ಹೆಚ್ಚಿನವರು ಕೇಳಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅದೇ ಮಾತು. ನಮ್ಮ ಮನೆಯಲ್ಲಿ ಯಾರೂ ರೆಕಾರ್ಡ್ ಎನ್ನುತ್ತಿರಲಿಲ್ಲ, ಪ್ಲೇಟು ಎಂದೇ ರೂಢಿ. ಇಲ್ಲೂ ಹಾಗೇ ಬರೆಯುತ್ತೇನೆ.

ಪ್ರಶ್ನೆ: ಅಜ್ಜನ ಕಾಲದ ಪೆಟ್ಟಿಗೆ ಗ್ರಾಮಫೋನನ್ನು ರಿಪೇರಿ ಮಾಡಿಸಿದೆ. ಹಳೇ ಸಾಮಾನಿನ ಅಂಗಡಿಯಲ್ಲಿ ಆರು ಪ್ಲೇಟು ಸಿಕ್ಕವು. ಎಲ್ಲದರ ಮೇಲೂ ನಾಯಿಯ ಚಿತ್ರ ಇದೆ. ಒಂದನ್ನು ಹಾಕಿದರೆ ಕಿರ್ರ್ ಎನ್ನುತ್ತದೆ, ಹಾಡು ಸರಿಯಾಗಿ ಬರುವುದೇ ಇಲ್ಲ. ಪಿನ್ನು ಓಡಿದ ಜಾಗ ಬೆಳ್ಳಗಾಗಿದೆ. ತಪ್ಪು ಗ್ರಾಮಫೋನಿನದೋ, ಪ್ಲೇಟಿನದೋ? — ಒಬ್ಬ ನಿವೃತ್ತ ಶಿಕ್ಷಕರು

ಮೇಷ್ಟ್ರೇ, ಎರಡರದೂ ತಪ್ಪಿಲ್ಲ. ಆದರೆ ಉಳಿದ ಐದನ್ನು ದಯವಿಟ್ಟು ಹಾಕಬೇಡಿ. ನಿಮ್ಮ ಕೈಗೆ ಸಿಕ್ಕಿರುವುದು ಎಲ್.ಪಿ., ಅಂದರೆ ನಿಧಾನ ತಿರುಗುವ ಲಾಂಗ್ ಪ್ಲೇ ಪ್ಲೇಟು.

ನಾಯಿಯ ಚಿತ್ರ ನಂಬಿ ಕೊಂಡವರು ಬಹಳ ಜನ. ಫ್ರಾನ್ಸಿಸ್ ಬರಾಡ್ ಬರೆದ ಆ ಚಿತ್ರವನ್ನು ಗ್ರಾಮಫೋನ್ ಕಂಪನಿ 1899ರಲ್ಲಿ ಕೊಂಡಿತು. ಮುಂದೆ ಅರಗಿನ ಪ್ಲೇಟಿಗೂ ಅದೇ ನಾಯಿ, ಎಲ್.ಪಿ.ಗೂ ಅದೇ ನಾಯಿ. ಚಿತ್ರ ನೋಡಿ ಪ್ಲೇಟಿನ ಜಾತಿ ತಿಳಿಯುವುದಿಲ್ಲ.

ಕೀ ಕೊಡುವ ಗ್ರಾಮಫೋನಿಗೆ ಬೇಕಾದದ್ದು ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನಿಂದ ಮಾಡಿದ ಪ್ಲೇಟು. ಅರಗಿಗೆ ಕಲ್ಲಿನ ನುಣ್ಣನೆ ಪುಡಿ, ಕಪ್ಪು ಬಣ್ಣ ಕಲೆಸಿ ಒತ್ತುತ್ತಿದ್ದರು. ಅದು ಗಟ್ಟಿ. ಎಲ್.ಪಿ. ಬಂದದ್ದು 1948ರಲ್ಲಿ, 45ರ ಚಿಕ್ಕ ಪ್ಲೇಟು 1949ರಲ್ಲಿ. ಅವು ವಿನೈಲ್, ಅಂದರೆ ಮೆತ್ತನೆಯ ಪ್ಲಾಸ್ಟಿಕ್. ಅವುಗಳ ಗೆರೆಗೆ ತಕ್ಕ ಮುಳ್ಳಿನ ತುದಿ 78ರದ್ದರ ಮೂರನೇ ಒಂದು ಪಾಲಿನಷ್ಟೇ ಇರುತ್ತದೆ. ಈಗಿನ ಪ್ಲೇಯರಿನ ಮುಳ್ಳು ಎರಡು ಮೂರು ಗ್ರಾಂ ಭಾರ ಹಾಕಿದರೆ, ನಿಮ್ಮ ಅಜ್ಜನ ಸೌಂಡ್ ಬಾಕ್ಸ್ (ಪಿನ್ನು ಹಿಡಿದು ಅದರ ಅದುರಾಟವನ್ನು ಸದ್ದಾಗಿಸುವ ದುಂಡು ಡಬ್ಬಿ) ನೂರು ಗ್ರಾಂ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಭಾರ ಹಾಕುತ್ತದೆ. ಅದರ ಕೆಳಗೆ ಉಕ್ಕಿನ ಪಿನ್ನು. ನೀವು ಕಂಡ ಬಿಳಿ ಬಣ್ಣ ಗೆರೆಯಿಂದ ಕೆತ್ತಿ ಎದ್ದ ಪ್ಲಾಸ್ಟಿಕ್ಕು.

ಮುಂದಿನ ಸಲ ಲೇಬಲ್ ಓದಿ. 33⅓, 45, ಲಾಂಗ್ ಪ್ಲೇ, ಸ್ಟೀರಿಯೋ, ಮೈಕ್ರೋಗ್ರೂವ್ ಎಂದು ಏನಿದ್ದರೂ ಬೇಡ. ಒಂದು ಬದಿಯಲ್ಲಿ ಐದಾರು ಹಾಡಿನ ಹೆಸರಿದ್ದರೂ ಬೇಡ. ಹತ್ತು ಇಂಚಿನ 78ರಲ್ಲಿ ಬದಿಗೆ ಮೂರು ನಿಮಿಷದ ಹಾಡು, ಹನ್ನೆರಡು ಇಂಚಿನದರಲ್ಲಿ ನಾಲ್ಕು ನಾಲ್ಕೂವರೆ ನಿಮಿಷ, ಅಷ್ಟೇ ಹಿಡಿಸುವುದು. ಲೇಬಲ್ ಅಳಿಸಿದ್ದರೆ ಅಂಚನ್ನು ಉಗುರಿನಿಂದ ತಟ್ಟಿ. ಅರಗಿನದು ಟಿಣ್ ಎನ್ನುತ್ತದೆ. ವಿನೈಲ್ ಸದ್ದು ಮಂದ. ಬಾಗಿಸಿ ಪರೀಕ್ಷೆ ಮಾಡಲು ಮಾತ್ರ ಹೋಗಬೇಡಿ. ಅರಗಿನದಾದರೆ ಅಲ್ಲೇ ಎರಡು ಹೋಳು.

ಇನ್ನೊಂದು ವಿಷಯ. 78ರ ವೇಗ ಇದ್ದೂ ಪ್ಲಾಸ್ಟಿಕ್ಕಿನದಾಗಿರುವ ಪ್ಲೇಟುಗಳೂ ಇವೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೈನಿಕರಿಗೆಂದು ಮಾಡಿದ ವಿ-ಡಿಸ್ಕ್‌ಗಳು ಹೆಚ್ಚಾಗಿ ಹೀಗೇ. ಕೈಗೆ ಹಗುರ ಎನಿಸಿದರೆ ಗ್ರಾಮಫೋನಿನಿಂದ ದೂರ ಇಡಿ. ಆ ಐದು ಎಲ್.ಪಿ.ಗಳನ್ನು ಒಳ್ಳೆ ಪ್ಲೇಯರ್ ಇರುವವರಿಗೆ ಕೊಟ್ಟುಬಿಡಿ, ಅವು ಅಲ್ಲಿ ಚೆನ್ನಾಗಿ ಹಾಡುತ್ತವೆ.

ಪ್ರಶ್ನೆ: ಹಳೇ ಪ್ಲೇಟು ಹುಡುಕುವುದು ಎಲ್ಲಿಂದ ಶುರು ಮಾಡಲಿ? ಅಪರೂಪದವೇ ಬೇಕು ಎಂಬ ಆಸೆ ಇದೆ. — ಕಾಲೇಜು ವಿದ್ಯಾರ್ಥಿ

ಮೊದಲು ಗೊತ್ತಿದ್ದವರಿಗೆಲ್ಲ ಹೇಳಿಡಿ. ನನ್ನ ಹತ್ತಿರ ಇರುವವುಗಳಲ್ಲಿ ಅರ್ಧಕ್ಕರ್ಧ ಬಂದದ್ದು ಹೀಗೆ, ಬಾಯಿಂದ ಬಾಯಿಗೆ. ಮನೆ ಖಾಲಿ ಮಾಡುವವರು, ಹಿರಿಯರ ಸಾಮಾನು ಹಂಚಿಕೊಳ್ಳುವವರು ಅಟ್ಟದಿಂದ ಒಂದು ಭಾರದ ಪೆಟ್ಟಿಗೆ ಇಳಿಸಿ, ಏನು ಮಾಡುವುದೆಂದು ತಿಳಿಯದೆ ಕೂತಿರುತ್ತಾರೆ. ಆ ಹೊತ್ತಿಗೆ ನಿಮ್ಮ ನೆನಪು ಬರಬೇಕು. ಇಂಥ ಪೆಟ್ಟಿಗೆಯಲ್ಲಿ ಒಂದೇ ಮನೆಯವರು ಆರಿಸಿ ಕೊಂಡ ಪ್ಲೇಟುಗಳು ಒಟ್ಟಿಗೆ ಇರುತ್ತವೆ, ಹೆಚ್ಚು ಕೈ ಬದಲಾಗಿರುವುದಿಲ್ಲ. ಗುಜರಿಯಲ್ಲೂ ಸಿಗುತ್ತವೆ. ಆದರೆ ಅಲ್ಲಿ ಕವರಿಲ್ಲದೆ ಒಂದರ ಮೇಲೊಂದು ಪೇರಿಸಿ, ಉಜ್ಜಿ ಹೋಗಿರುತ್ತವೆ. ಹರಾಜಿನಲ್ಲಿ ಕಟ್ಟುಗಟ್ಟಲೆ ಮಾರುತ್ತಾರೆ. ಐವತ್ತರಲ್ಲಿ ಹತ್ತು ಚೆನ್ನಾಗಿದ್ದರೂ ಲಾಭ, ಆದರೆ ಹೊರಲು ಜೊತೆಗೊಬ್ಬರು ಇರಲಿ. ಹತ್ತು ಇಂಚಿನ ಒಂದು ಪ್ಲೇಟೇ ಸುಮಾರು 200 ಗ್ರಾಂ ತೂಗುತ್ತದೆ. ಇವೆಲ್ಲಕ್ಕಿಂತ ನನಗೆ ಇಷ್ಟ ಹಳೇ ಸಂಗ್ರಹಕಾರರ ಮನೆ. ಒಂದೇ ಹಾಡಿನ ಎರಡು ಪ್ಲೇಟು ಇದ್ದರೆ ಅವರು ಒಂದನ್ನು ಕೊಡುತ್ತಾರೆ, ಕೊಡುವ ಮೊದಲು ನಿಮ್ಮೆದುರಿಗೇ ಹಾಕಿ ಕೇಳಿಸುತ್ತಾರೆ.

ಇನ್ನು ಅಪರೂಪದ ಆಸೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಗ್ರಾಮಫೋನಿನಲ್ಲಿ ಪ್ರತಿ ಸಲ ಹಾಕಿದಾಗಲೂ ಪ್ಲೇಟು ಒಂದಿಷ್ಟು ಸವೆಯುತ್ತದೆ. ಎಷ್ಟೇ ಹೊಸ ಪಿನ್ನಿರಲಿ, ಸವೆಯುತ್ತದೆ. ಅದಕ್ಕೇ ನಾನು ನುಡಿಸುವ ಪ್ಲೇಟು ಬೇರೆ, ಉಳಿಸುವ ಪ್ಲೇಟು ಬೇರೆ ಎಂದು ಎರಡು ಕಪಾಟು ಮಾಡಿಕೊಂಡಿದ್ದೇನೆ. ಸಾವಿರಾರು ಪ್ರತಿ ಒತ್ತಿದ, ಈಗಲೂ ಸುಲಭಕ್ಕೆ ಸಿಗುವ ಹಾಡುಗಳು ಗ್ರಾಮಫೋನಿಗೆ. ಬೇರೆಲ್ಲೂ ಸಿಗದ ಪ್ಲೇಟು ಕೈಗೆ ಬಂದರೆ ಅದನ್ನು ಗ್ರಾಮಫೋನಿನ ಮೇಲೆ ಇಡುವುದಿಲ್ಲ. 78ಕ್ಕೆ ಸರಿಹೊಂದುವ ದಪ್ಪ ಮುಳ್ಳು ಹಾಕಿದ, ಕರೆಂಟಿನ ಪ್ಲೇಯರಿನ ಹಗುರ ಪಿಕಪ್‌ನಲ್ಲಿ ಒಮ್ಮೆ ನುಡಿಸಿ, ಕಂಪ್ಯೂಟರಿಗೆ ತುಂಬಿಸಿ, ಎತ್ತಿಡುತ್ತೇನೆ. ನೀವೂ ಮೊದಲ ಇಪ್ಪತ್ತು ಪ್ಲೇಟನ್ನು ಕೇಳಲು ಇಷ್ಟ ಎಂಬ ಒಂದೇ ಕಾರಣಕ್ಕೆ ಕೊಳ್ಳಿ.

ನಿಮ್ಮ ಯಂತ್ರ ಯಾವ ಕಾಲದ್ದು ಎಂದೂ ನೋಡಿಕೊಳ್ಳಿ. 1925ರವರೆಗೆ ಹಾಡುಗಾರರು ಒಂದು ದೊಡ್ಡ ಕೊಳವೆಯ ಬಾಯಿಗೆ ಹಾಡುತ್ತಿದ್ದರು, ಆ ಸದ್ದೇ ನೇರ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. 1925ರಲ್ಲಿ ಮೈಕ್ ಬಂತು. ಅಭ್ರಕದ ಪೊರೆ ಇರುವ ಹಳೇ ಸೌಂಡ್ ಬಾಕ್ಸ್‌ಗೆ ಕೊಳವೆ ಕಾಲದ ಪ್ಲೇಟುಗಳೇ ಚೆಂದ. ಮೈಕ್ ಕಾಲದ ಗಟ್ಟಿ ಧ್ವನಿಯ ಪ್ಲೇಟು ಹಾಕಿದರೆ ಅದು ಒದರುತ್ತದೆ, ಗೆರೆಯೂ ಬೇಗ ಕೆಡುತ್ತದೆ. ಅಲ್ಯೂಮಿನಿಯಂ ಪೊರೆಯ ಆಮೇಲಿನ ಯಂತ್ರಗಳಿಗೆ ಮೈಕ್ ಕಾಲದವು ಸರಿ.

ಪ್ರಶ್ನೆ: ಅಂಗಡಿಯಲ್ಲಿ ನಿಂತು ಪ್ಲೇಟು ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಹೊಳಪು ಇದ್ದರೆ ಸಾಕೇ? — ಗೃಹಿಣಿ

ಹೊಳಪು ನೋಡಿ ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಪ್ಲೇಟನ್ನು ಆಸೆಯಿಂದ ತಂದೆ. ಮನೆಗೆ ಬಂದು ಒರೆಸಿದರೆ ಬಟ್ಟೆಗೆ ಕಪ್ಪು ಎಣ್ಣೆ. ಮಾರಿದವರು ಅದಕ್ಕೆ ಏನೋ ಪಾಲಿಶ್ ಸವರಿದ್ದರು. ಕೆಳಗೆ ಇದ್ದದ್ದು ಬೂದು ಬಣ್ಣದ, ಪೂರ್ತಿ ಸವೆದ ಗೆರೆಗಳು. ಹಾಡಿದವರ ದನಿ ಮಳೆ ಸದ್ದಿನ ಹಿಂದೆ ಎಲ್ಲೋ ಇತ್ತು. ಅಂದಿನಿಂದ ಮೊದಲು ಒಣ ಬಟ್ಟೆಯಿಂದ ಒಂದು ಮೂಲೆ ಒರೆಸಿ ನೋಡುತ್ತೇನೆ. ನೀವೂ ಮಾರುವವರನ್ನು ಕೇಳಿ ಒರೆಸಿ, ಬೇಡ ಎಂದರೆ ಪ್ಲೇಟು ಅಲ್ಲೇ ಬಿಟ್ಟು ಬನ್ನಿ.

ಪ್ಲೇಟನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿಯಿರಿ, ಮೆಲ್ಲಗೆ ತಿರುಗಿಸಿ. ಗೆರೆಗಳು ಕಪ್ಪಾಗಿ ಮಿನುಗಬೇಕು. ಬೂದಿ ಬಳಿದ ಹಾಗೆ ಕಂಡರೆ ಅಲ್ಲಿ ಪಿನ್ನು ತಿಂದಿದೆ. ಹೆಚ್ಚಾಗಿ ಲೇಬಲಿನ ಹತ್ತಿರದ ಒಳಗೆರೆಗಳಲ್ಲಿ, ದನಿ ಏರುವ ಜಾಗಗಳಲ್ಲಿ ಮೊದಲು ಬೂದುಗಟ್ಟುತ್ತದೆ. ಹಾಗಾಗಿ ಹೊರ ಅಂಚು ನೋಡಿ ತೀರ್ಮಾನ ಮಾಡಬೇಡಿ, ಒಳಗೆ ನೋಡಿ. ಮೇಲ್ಮೇಲಿನ ಕೂದಲೆಳೆ ಗೀರುಗಳಿಗೆ ಹೆದರುವುದು ಬೇಡ, ಭಾರದ ಸೌಂಡ್ ಬಾಕ್ಸ್ ಅವನ್ನು ದಾಟಿ ಹೋಗುತ್ತದೆ. ಗೆರೆಗೆ ಅಡ್ಡವಾಗಿ ಉಗುರಿಗೆ ಸಿಗುವಷ್ಟು ಆಳದ ಗೀರಿದ್ದರೆ ಬೇಡ. ಅಲ್ಲಿ ಪಿನ್ನು ಹಾರುತ್ತದೆ, ಇಲ್ಲವೇ ಒಂದೇ ಸಾಲು ಹಾಡುತ್ತಾ ನಿಲ್ಲುತ್ತದೆ.

ಆಮೇಲೆ ಬಿರುಕು. ಇದನ್ನು ನನಗೆ ಕಲಿಸಿದ್ದು ಅಪ್ಪ. ನಡುವಿನ ತೂತಿಗೆ ಒಂದು ತೆಳು ಕಡ್ಡಿ ತೂರಿಸಿ ಪ್ಲೇಟನ್ನು ನೇತುಹಾಕಿ, ಇನ್ನೊಂದು ಕೈಯ ಗೆಣ್ಣಿನಿಂದ ಅಂಚನ್ನು ಮೆಲ್ಲಗೆ ತಟ್ಟುತ್ತಿದ್ದರು, ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ ಹಾಗೆ. ಗಟ್ಟಿ ಪ್ಲೇಟು ನಾದ ಕೊಡುತ್ತದೆ. ಬಿರುಕಿದ್ದರೆ ಒಡಕು ಸದ್ದು. ಕಣ್ಣಿಗೆ ಕಾಣದ ಬಿರುಕೂ ಕಿವಿಗೆ ಸಿಗುತ್ತದೆ. ಬಿರುಕು ಗೆರೆಗಳೊಳಗೆ ಬಂದಿದ್ದರೆ ಪ್ರತಿ ಸುತ್ತಿಗೂ ಟಿಕ್, ನಿಮಿಷಕ್ಕೆ 78 ಟಿಕ್. ಅದನ್ನು ಸಹಿಸಿಕೊಂಡು ಕೇಳುವಷ್ಟು ಪ್ರೀತಿಯ ಹಾಡಾದರೆ ಮಾತ್ರ ಕೊಳ್ಳಿ. ಅಂಚು ಸ್ವಲ್ಪ ಮುಕ್ಕಾಗಿದ್ದು, ಅದು ಹಾಡು ಶುರುವಾಗುವ ಗೆರೆಯವರೆಗೆ ಬಂದಿಲ್ಲದಿದ್ದರೆ ಏನೂ ತೊಂದರೆ ಇಲ್ಲ. ನನ್ನ ಮೆಚ್ಚಿನ ಎಷ್ಟೋ ಪ್ಲೇಟು ಅಂಚು ಮುಕ್ಕಾದವೇ.

ನಡುವಿನ ತೂತು ಸವೆದು ದೊಡ್ಡದಾಗಿದ್ದರೆ ಪ್ಲೇಟು ಓಲಾಡುತ್ತಾ ತಿರುಗುತ್ತದೆ, ಶ್ರುತಿ ಮೇಲೆ ಕೆಳಗೆ ಆಗುತ್ತದೆ. ಸೊಟ್ಟಗಾಗಿದೆಯೇ ಎಂದು ತಿಳಿಯಲು ಗಾಜಿನ ಮೇಜಿನ ಮೇಲೆ ಇಟ್ಟು ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ.

ಸಾಧ್ಯವಾದರೆ ನುಡಿಸಿ ಕೇಳಿ. ಆದರೆ ಅಂಗಡಿಯವರು ತಿಂಗಳುಗಟ್ಟಲೆ ಬದಲಾಯಿಸದ ಪಿನ್ನಿನಲ್ಲೇ ಹಾಕಲು ಹೊರಟರೆ ತಡೆಯಿರಿ. ಉಕ್ಕಿನ ಪಿನ್ನು ಒಂದು ಬದಿಗೆ ಒಂದೇ. ಪ್ಲೇಟಿನಲ್ಲಿರುವ ಕಲ್ಲಿನ ಪುಡಿ ಮೊದಲ ಕೆಲವು ಸುತ್ತಿನಲ್ಲೇ ಪಿನ್ನಿನ ತುದಿಯನ್ನು ಗೆರೆಯ ಆಕಾರಕ್ಕೆ ತೇಯುತ್ತದೆ, ಹಾಡು ಮುಗಿಯುವ ಹೊತ್ತಿಗೆ ಆ ತುದಿ ಉಳಿಯ ಹಾಗೆ ಚೂಪು ಅಂಚಾಗಿರುತ್ತದೆ. ಅದರಲ್ಲೇ ಎರಡನೇ ಬದಿ ಹಾಕಿದರೆ ಗೆರೆಯನ್ನೇ ಕೆತ್ತುತ್ತದೆ. ನನ್ನ ಚೀಲದಲ್ಲಿ ಯಾವಾಗಲೂ ಹೊಸ ಪಿನ್ನಿನ ಒಂದು ಪುಟ್ಟ ಡಬ್ಬಿ ಇರುತ್ತದೆ. ನೀವೂ ಇಟ್ಟುಕೊಳ್ಳಿ. ಲೌಡ್, ಮೀಡಿಯಂ, ಸಾಫ್ಟ್ ಎಂದು ಮೂರು ಬಗೆ ಸಿಗುತ್ತವೆ. ಮನೆಯಲ್ಲಿ ಕೇಳಲು ಸಾಫ್ಟ್ ಸಾಕು.

ಕೊನೆಗೆ, ಚೆನ್ನಾಗಿ ಕಂಡ ಪ್ಲೇಟೂ ಮೊದಲಿನಿಂದಲೇ ಗರಗರ ಎನ್ನಬಹುದು. ಯುದ್ಧದ ವರ್ಷಗಳಲ್ಲಿ ಅರಗಿನ ಅಭಾವ ಇತ್ತು, ಹಳೇ ಪ್ಲೇಟು ಪುಡಿ ಮಾಡಿ ಬೆರೆಸಿ ಒತ್ತಿದರು. ಆ ಗರಗರ ಹುಟ್ಟಿನಿಂದಲೇ ಬಂದದ್ದು, ಎಷ್ಟು ತೊಳೆದರೂ ಹೋಗುವುದಿಲ್ಲ. ಇದಕ್ಕೆ ತದ್ವಿರುದ್ಧ 1920ರ ದಶಕದ ಕೊಲಂಬಿಯಾ ಪ್ಲೇಟುಗಳು. ಒಳಗೆ ಒರಟು ಪದರ, ಮೇಲೆ ನುಣ್ಣನೆ ಅರಗಿನ ತೆಳು ಪದರ. ಕೇಳಲು ಎಷ್ಟು ಶಾಂತ! ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ಆನ್‌ಲೈನಿನಲ್ಲಿ ಕೊಂಡ ನಾಲ್ಕು ಪ್ಲೇಟುಗಳ ಆಲ್ಬಂ ಚೂರಾಗಿ ಬಂತು. ಇನ್ನು ಮುಂದೆ ಹೀಗೆ ಕೊಳ್ಳಲೇಬಾರದೇ? — ಬ್ಯಾಂಕ್ ಉದ್ಯೋಗಿ

ಕೊಳ್ಳಬಹುದು, ಆದರೆ ಹಣ ಕಳಿಸುವ ಮೊದಲೇ ಪ್ಯಾಕಿಂಗ್ ಹೇಗೆ ಎಂದು ಬರೆದು ತಿಳಿಸಿ. ಆಲ್ಬಂ ಎಂದರೆ ಪ್ಲೇಟಿನ ಕವರುಗಳನ್ನು ಪುಸ್ತಕದ ಹಾಗೆ ಹೊಲಿದದ್ದು. ಅದರ ಒಳಗೇ ಬಿಟ್ಟು ಕಳಿಸುವುದೇ ಒಡೆಯಲು ದೊಡ್ಡ ಕಾರಣ. ಹೊಲಿಗೆಯ ಬದಿಯಲ್ಲಿ ಪ್ಲೇಟಿನ ಅಂಚು ಸಿಕ್ಕಿಕೊಂಡು, ಪೆಟ್ಟಿಗೆ ಬಿದ್ದಾಗ ಅಲ್ಲೇ ಮುರಿಯುತ್ತದೆ. ಪ್ಲೇಟುಗಳನ್ನು ಹೊರಗೆ ತೆಗೆದು ಒಂದೊಂದಕ್ಕೂ ಕವರು ಹಾಕಬೇಕು, ನಡುವೆ ರಟ್ಟು ಇಡಬೇಕು. ರಟ್ಟು ಪ್ಲೇಟಿಗಿಂತ ದೊಡ್ಡದಿರಬೇಕು. ಎಲ್ಲವನ್ನೂ ಅಲುಗಾಡದಂತೆ ಕಟ್ಟಿ ಚಿಕ್ಕ ಪೆಟ್ಟಿಗೆಗೆ, ಆ ಪೆಟ್ಟಿಗೆಯನ್ನು ಸುತ್ತಲೂ ಮೆತ್ತೆ ಇರುವ ದೊಡ್ಡ ಪೆಟ್ಟಿಗೆಗೆ. ಇದಕ್ಕೆ ಒಪ್ಪದವರ ಹತ್ತಿರ ನಾನು ಕೊಳ್ಳುವುದಿಲ್ಲ.

ಫೋಟೋ ಕೇಳುವಾಗ ಲೇಬಲ್ ಒಂದೇ ಸಾಲದು, ಓರೆ ಬೆಳಕಿನಲ್ಲಿ ಗೆರೆಗಳ ಫೋಟೋ ಕೇಳಿ. "ಚೆನ್ನಾಗಿದೆ" ಎಂದಿದ್ದರೆ, ನುಡಿಸಿ ಹೇಳುತ್ತಿದ್ದಾರೋ ಕಣ್ಣಲ್ಲಿ ನೋಡಿ ಹೇಳುತ್ತಿದ್ದಾರೋ ಎಂದು ಬಾಯಿಬಿಟ್ಟು ಕೇಳಿ.

ಪ್ರಶ್ನೆ: ಹಿತ್ತಾಳೆ ಕಹಳೆಯ, ಫಳಫಳ ಎನ್ನುವ ಗ್ರಾಮಫೋನ್ ಉಡುಗೊರೆಯಾಗಿ ಬಂತು. ಒಳ್ಳೆ ಪ್ಲೇಟು ಹಾಕಿದರೂ ಕರ್ಕಶ. — ಹೆಸರು ಬೇಡ ಎಂದವರು

ಹೇಳಲು ಬೇಜಾರಾಗುತ್ತದೆ. ಅದು ಈಚೆಗೆ ಜೋಡಿಸಿದ ನಕಲಿ ಇರಬಹುದು. ಎಲ್ಲಿಂದಲೋ ತೆಗೆದ ಮೋಟಾರು, ಹೊಸ ಪೆಟ್ಟಿಗೆ, ಹೊಸ ಕಹಳೆ. ಸೌಂಡ್ ಬಾಕ್ಸ್ ಹೊರುವ ತೋಳು ಸರಿಯಾದ ಕೋನದಲ್ಲಿ ಕೂತಿರುವುದಿಲ್ಲ, ಸೌಂಡ್ ಬಾಕ್ಸ್ ಬಿಗಿ. ಅದು ಪ್ಲೇಟನ್ನು ಕೇಳಿಸುವುದಕ್ಕಿಂತ ತಿನ್ನುವುದೇ ಜಾಸ್ತಿ. ಕೊಟ್ಟವರ ಪ್ರೀತಿಗೆ ಮನೆಯಲ್ಲಿ ಚೆಂದವಾಗಿ ಇಟ್ಟುಕೊಳ್ಳಿ, ಒಳ್ಳೆ ಪ್ಲೇಟು ಮಾತ್ರ ಹಾಕಬೇಡಿ.

ಅಸಲಿ ಯಂತ್ರವೇ ಆಗಿದ್ದರೂ ಒಂದು ಕೆಲಸ ಇದೆ. ಸೌಂಡ್ ಬಾಕ್ಸ್ ಒಳಗಿನ ರಬ್ಬರು ಹತ್ತಾರು ವರ್ಷದಲ್ಲಿ ಕಲ್ಲಾಗಿರುತ್ತದೆ. ಹೊಸ ರಬ್ಬರು ಹಾಕಿಸಿದರೆ ಅದೇ ಪ್ಲೇಟು ಬೇರೆಯದೇ ಅನಿಸುತ್ತದೆ. ವೇಗವನ್ನೂ ನೋಡಿ. ಪ್ಲೇಟಿನ ಕೆಳಗೆ ಒಂದು ಕಾಗದದ ಚೂರು ಸಿಕ್ಕಿಸಿ, ಹಾಡುತ್ತಿರುವಾಗಲೇ ಎಣಿಸಿ. ಅರ್ಧ ನಿಮಿಷಕ್ಕೆ 39 ಸುತ್ತು ಬರಬೇಕು.

ಪ್ರಶ್ನೆ: ತುಂಬಾ ಹಳೇ ಪ್ಲೇಟು, ಒಂದೇ ಬದಿಯಲ್ಲಿ ಹಾಡಿದೆ, ಲೇಬಲ್ ಹರಿದಿದೆ. ಯಾರು ಹಾಡಿದ್ದು ಎಂದು ತಿಳಿಯುತ್ತದೆಯೇ? — ಸಂಗೀತ ಕಲಿಯುತ್ತಿರುವವರು

ಲೇಬಲ್ ಸುತ್ತಲಿನ ಖಾಲಿ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲಿ ಒತ್ತಿದ ಅಂಕಿಗಳಿರುತ್ತವೆ. ಅದು ಆ ಧ್ವನಿಮುದ್ರಣದ ಗುರುತು. ಅಮೆರಿಕದ ಪ್ಲೇಟಾದರೆ, ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮಾಡಿರುವ ಹಳೇ ಧ್ವನಿಮುದ್ರಣಗಳ ಪಟ್ಟಿಯಲ್ಲಿ ಆ ಅಂಕಿ ಹಾಕಿ ಹುಡುಕಬಹುದು.

ಇನ್ನೊಂದು ದಾರಿ, ಹಾಡಿನ ಕೊನೆಯವರೆಗೆ ಕೇಳುವುದು. 1902ರಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡ ದಿನಗಳಲ್ಲಿ ಹಾಡು ಮುಗಿದ ಕೂಡಲೇ ಹಾಡಿದವರೇ ತಮ್ಮ ಹೆಸರು ಹೇಳುವ ಪದ್ಧತಿ ಇತ್ತು. ದೂರದ ಕಾರ್ಖಾನೆಯಲ್ಲಿ ಲೇಬಲ್ ಅಂಟಿಸುವವರಿಗೆ ಭಾಷೆ ಬಾರದಿದ್ದರೂ ಹೆಸರು ಸಿಗಲಿ ಎಂದು. ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದನ್ನು ನಾನು ಮೊದಲ ಸಲ ಕೇಳಿದಾಗ ಕಣ್ಣು ತುಂಬಿ ಬಂತು. ನಿಮ್ಮ ಪ್ಲೇಟಿನಲ್ಲೂ ಯಾರಾದರೂ ಹೆಸರು ಹೇಳಿರಬಹುದು. ಅಷ್ಟು ಹಳೆಯದು ಅಂದರೆ ಗ್ರಾಮಫೋನ್ ಬೇಡ, ಹಗುರ ಪಿಕಪ್‌ನಲ್ಲೇ ಕೇಳಿ.

ಪ್ರಶ್ನೆ: ಕೊಂಡು ತಂದ ಪ್ಲೇಟುಗಳಲ್ಲಿ ಒಂದು ಸುಮಾರು ಆರು ಮಿಲಿಮೀಟರ್ ದಪ್ಪ ಇದೆ. ಎಲ್ಲವನ್ನೂ ಸ್ಪಿರಿಟ್‌ನಲ್ಲಿ ಒರೆಸಿ ಹಾಕಬಹುದೇ? — ಎಲೆಕ್ಟ್ರಿಷಿಯನ್

ಎರಡಕ್ಕೂ ಬೇಡ ಎನ್ನುತ್ತೇನೆ. ದಪ್ಪದ್ದು ಎಡಿಸನ್ ಡೈಮಂಡ್ ಡಿಸ್ಕ್. 1912ರಿಂದ 1929ರವರೆಗೆ ಬಂದವು. ಬೇರೆ ಪ್ಲೇಟಿನಲ್ಲಿ ಪಿನ್ನು ಅಕ್ಕಪಕ್ಕ ಅದುರಿದರೆ ಇದರಲ್ಲಿ ಮೇಲೆ ಕೆಳಗೆ ಅದುರಬೇಕು. ಅದಕ್ಕೆ ವಜ್ರದ ತುದಿಯ ಬೇರೆ ಯಂತ್ರವೇ ಇದೆ. ಉಕ್ಕಿನ ಪಿನ್ನು ಇಟ್ಟರೆ ಪ್ಲೇಟು ಹಾಳು. ಇದಕ್ಕೆ ನೀರೂ ತಾಗಿಸಬೇಡಿ, ಒಳಗಿನ ತಿರುಳು ಉಬ್ಬುತ್ತದೆ.

ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಬಡಗಿಗಳು ಪಾಲಿಶ್ ಮಾಡಲು ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ ಅಲ್ವಾ? ಚಿಕ್ಕವಳಿದ್ದಾಗ ನಾನು ಹತ್ತಿಗೆ ಸ್ಪಿರಿಟ್ ಹಾಕಿ ಒಂದು ಪ್ಲೇಟು ಒರೆಸಿದೆ. ಹತ್ತಿ ಕಪ್ಪಾಯಿತು, ಕೊಳೆ ಹೋಯಿತೆಂದು ಖುಷಿಪಟ್ಟೆ. ಹೋಗಿದ್ದು ಹಾಡು. ಅಪ್ಪ ಬೈಯಲಿಲ್ಲ, ಆ ಪ್ಲೇಟನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತರು. ಈಗಲೂ ಅದು ನನಗೆ ನೋವು ಕೊಡುತ್ತದೆ. ಅರಗಿನ ಪ್ಲೇಟಿಗೆ ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬ್ರಷ್ಷು ಸಾಕು. ಲೇಬಲ್ ನೆನೆಯಬಾರದು. ಗೆರೆಯ ಜೊತೆಗೇ ಸುತ್ತಾಗಿ ಉಜ್ಜಿ, ಬರೀ ನೀರಿನಲ್ಲಿ ಒರೆಸಿ, ಕೂಡಲೇ ಒಣಗಿಸಿ. ಬಿಸಿಲಿಗೆ ಇಡಬೇಡಿ, ಸೊಟ್ಟಗಾಗುತ್ತದೆ. ಆಮೇಲೆ ಕವರಿನಲ್ಲಿ ಹಾಕಿ ನೇರವಾಗಿ ನಿಲ್ಲಿಸಿ.

ಪ್ರಶ್ನೆ: ಅಜ್ಜಿ ಚಿಕ್ಕ ವಯಸ್ಸಿನಲ್ಲಿ ಹಾಡಿದ್ದು ಒಂದು ಪ್ಲೇಟಿನಲ್ಲಿ ಇದೆ ಎನ್ನುತ್ತಾರೆ. ಲೇಬಲ್ ಕೈಬರಹದ್ದು. ನಡುವಿನ ತೂತಿನ ಪಕ್ಕ ಇನ್ನೂ ಎರಡು ಚಿಕ್ಕ ತೂತುಗಳಿವೆ. ಅದನ್ನು ನುಡಿಸಲೆಂದೇ ಗ್ರಾಮಫೋನ್ ಕೊಳ್ಳುತ್ತಿದ್ದೇನೆ. — ಮೊಮ್ಮಗಳು

ತಂಗಿ, ಈ ಪತ್ರ ಸರಿಯಾದ ಹೊತ್ತಿಗೆ ಬಂತು. ಆ ಪ್ಲೇಟನ್ನು ಗ್ರಾಮಫೋನಿನ ಮೇಲೆ ಇಡಬೇಡಿ, ಒಂದು ಸಲವೂ.

ತೂತಿನ ಅಂಚನ್ನು ನೋಡಿ. ಬೆಳ್ಳಿಯ ಹಾಗೆ ಲೋಹ ಕಂಡರೆ ಅದು ಅಲ್ಯೂಮಿನಿಯಂ ತಟ್ಟೆಯ ಮೇಲೆ ಲ್ಯಾಕರ್ (ವಾರ್ನಿಷ್ ಥರದ ಲೇಪ) ಬಳಿದ ಪ್ಲೇಟು. ಕಾರ್ಖಾನೆಯಲ್ಲಿ ಒತ್ತಿದ್ದಲ್ಲ, ನಿಮ್ಮ ಅಜ್ಜಿ ಹಾಡುತ್ತಿದ್ದಾಗ ಅದರ ಮೇಲೇ ನೇರವಾಗಿ ಕೊರೆದದ್ದು. ಆ ಲ್ಯಾಕರ್ ಬಹಳ ಮೆತ್ತಗೆ. ಉಕ್ಕಿನ ಪಿನ್ನು ಒಂದೇ ಸುತ್ತಿನಲ್ಲಿ ಅದನ್ನು ಸುಲಿದು ಹಾಕುತ್ತದೆ. ಇಂಥ ಪ್ಲೇಟಿಗೆ ಹೆಚ್ಚಾಗಿ ಎರಡನೇ ಪ್ರತಿ ಇರುವುದಿಲ್ಲ.

ಬಿಳಿ ಪುಡಿಯ ಹಾಗೆ ಏನಾದರೂ ಮೇಲೆ ಕಂಡರೂ ನೀವೇ ಒರೆಸಬೇಡಿ. ಲ್ಯಾಕರ್ ಒಣಗಿ ಬಿರಿದಿದ್ದರೆ ಚಕ್ಕೆ ಏಳುತ್ತದೆ. ಧ್ವನಿ ಸಂಗ್ರಹಾಲಯಗಳಲ್ಲಿ, ಹಳೇ ಪ್ಲೇಟನ್ನು ಕಂಪ್ಯೂಟರಿಗೆ ತುಂಬಿಸುವ ಕೆಲಸ ಮಾಡುವವರಲ್ಲಿ ವಿಚಾರಿಸಿ. "ಲ್ಯಾಕರ್ ಪ್ಲೇಟು ಮಾಡಿ ಅನುಭವ ಇದೆಯೇ" ಎಂದು ಮೊದಲು ಕೇಳಿ. ಇದ್ದವರು ಹಗುರ ಮುಳ್ಳಿನಲ್ಲಿ, ಮೊದಲ ಸಲ ನುಡಿಸುವಾಗಲೇ ಮುದ್ರಿಸಿಕೊಳ್ಳುತ್ತಾರೆ. ಅಲ್ಲಿಯವರೆಗೆ ಅಂಚು ಹಿಡಿದು ಮಾತ್ರ ಎತ್ತಿ, ತಂಪಾದ ಒಣ ಜಾಗದಲ್ಲಿ ನಿಲ್ಲಿಸಿಡಿ. ಕವರಿನ ಮೇಲೆ ಅಜ್ಜಿಯ ಹೆಸರು, ನಿಮಗೆ ತಿಳಿದ ವಿವರ ಬರೆಯಿರಿ. ಬರೆಯುವಾಗ ಪ್ಲೇಟು ಕವರಿನ ಒಳಗೆ ಇರದಿರಲಿ, ಪೆನ್ನಿನ ಒತ್ತು ಬೀಳುತ್ತದೆ. ಗ್ರಾಮಫೋನನ್ನೂ ಕೊಳ್ಳಿ, ಅದಕ್ಕೆ ಬೇರೆ ಪ್ಲೇಟು ಹುಡುಕೋಣ. ಅಜ್ಜಿ ಹಾಡಿದ್ದು ಯಾವ ಹಾಡು ಎಂದು ತಿಳಿದ ದಿನ ನನಗೊಂದು ಸಾಲು ಬರೆಯಿರಿ.